ಪರದೇಶಕ್ಕೆ ಹೊರಟ ಕರದಂಟು: ಪೊಟ್ಟಣವೇ ಉತ್ತರ ಹೇಳಬೇಕು

ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ತಿನಿಸುಗಳೇ ಹೆಚ್ಚು ತೂಗುವುದು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ಗೋಕಾಕದ ಕರದಂಟು, ಮೂಡಲಗಿ ಭಾಗದ ಬೆಲ್ಲ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿಯ ಖಾರಪುಡಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಇವೆಲ್ಲ ಬಟ್ಟೆಗಳ ನಡುವೆ ಜಾಗ ಮಾಡಿಕೊಳ್ಳುತ್ತವೆ. ಉನ್ನತ ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿ, ದುಬೈಗೆ ದುಡಿಯಲು ಹೋಗುವ ಕುಶಲಕರ್ಮಿ, ಬೆಂಗಳೂರಿನಿಂದ ಜರ್ಮನಿಗೆ ವರ್ಗವಾಗುವ ಎಂಜಿನಿಯರ್ ಎಲ್ಲರೂ ಹೊರಡುವ ಮುನ್ನ ಊರಿನ ಅಂಗಡಿಯ ಮೆಟ್ಟಿಲೇರುವವರೇ. ಹೀಗೆ ನೋಡಿದರೆ ಈ ಭಾಗದ ತಿನಿಸುಗಳ ಮೊದಲ ರಫ್ತುದಾರರು ವರ್ತಕರಲ್ಲ, ಅವರ ಗಿರಾಕಿಗಳು. ಆದರೆ ಆ ಗಿರಾಕಿಯ ಕೈಗೆ ವರ್ತಕರು ಕೊಡುತ್ತಿರುವ ಪೊಟ್ಟಣ ಅಷ್ಟು ದೂರದ ಪ್ರಯಾಣಕ್ಕೆ ಸಿದ್ಧವಾಗಿದೆಯೇ ಎಂಬುದು ವಿಚಾರಿಸಬೇಕಾದ ಪ್ರಶ್ನೆ.

ಕರದಂಟಿಗೆ ಪ್ರಯಾಣದ ಯೋಗ್ಯತೆ ಹುಟ್ಟಿನಿಂದಲೇ ಬಂದಿದೆ. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದು ಅರಳಿಸಿ, ಒಣಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸಿದ ತಿನಿಸು ಅದು. ಕರಿದ ಅಂಟೇ ಕರದಂಟು. ಬೆಳಗಾವಿಯ ಕುಂದಾ, ಧಾರವಾಡದ ಪೇಢೆಗಳ ಮೂಲದ್ರವ್ಯ ಹಾಲು. ಕರದಂಟಿನಲ್ಲಿ ಖವಾ ಇಲ್ಲವಾದ್ದರಿಂದ ಅದು ಅವುಗಳಿಗಿಂತ ಹೆಚ್ಚು ದಿನ ಬಾಳುತ್ತದೆ. ಐರೋಪ್ಯ ಒಕ್ಕೂಟದ ದೇಶಗಳಿಗಾಗಲಿ, ಬ್ರಿಟನ್ನಿಗಾಗಲಿ ಭಾರತದಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಆಸ್ಟ್ರೇಲಿಯದಲ್ಲಿ ಇಳಿಯುವವರು ತಮ್ಮಲ್ಲಿರುವ ಆಹಾರವನ್ನು ಘೋಷಿಸಲೇಬೇಕು, ಮರೆಮಾಚಿದರೆ ದಂಡ ತೆರಬೇಕು. ಇಂಥ ಗಡಿಗಳಲ್ಲಿ ಪೇಢೆಗಿಂತ ಕರದಂಟಿಗೆ ಅನುಕೂಲ ಹೆಚ್ಚೆಂದು ತೋರಬಹುದು. ಆದರೆ ಅದರಲ್ಲಿಯೂ ತುಪ್ಪವಿದೆ. ಪೊಟ್ಟಣದೊಳಗೆ ಏನಿದೆಯೆಂಬುದನ್ನು ಅಧಿಕಾರಿಗೆ ತಿಳಿಯಪಡಿಸುವ ಬರಹವಿಲ್ಲದಿದ್ದರೆ ಆ ಅನುಕೂಲವೂ ನಿಷ್ಪ್ರಯೋಜಕ. ಗುರುತು ಹತ್ತದ ಕಂದುಬಣ್ಣದ ಉಂಡೆಯನ್ನು ಕಸದ ಬುಟ್ಟಿಗೆ ಹಾಕುವುದು ಅವನಿಗೆ ಸುಲಭದ ದಾರಿ.

ಕಸದ ಬುಟ್ಟಿಗೆ ಬಿದ್ದರೆ ನಷ್ಟ ಕೆಲವು ನೂರು ರೂಪಾಯಿಗಳಷ್ಟೇ. ಅದಕ್ಕಿಂತ ಗಂಭೀರವಾದ ಸಂಗತಿ ಗಸಗಸೆಯದು. ಕರದಂಟಿನ ಹಲವು ಪಾಕಗಳಲ್ಲಿ ಗಸಗಸೆ ಸೇರುತ್ತದೆ. ಇಲ್ಲಿ ಅದು ಕಿರಾಣಿ ಅಂಗಡಿಯ ಸಾಮಾನ್ಯ ಪದಾರ್ಥ. ಆದರೆ ಅದು ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಹಾಗೂ ಸಿಂಗಪುರಗಳಲ್ಲಿ ಗಸಗಸೆಯನ್ನು ತರುವುದು ನಿಷಿದ್ಧ. ಅಲ್ಲಿ ಅದು ಮಾದಕ ದ್ರವ್ಯಗಳ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಊರಿನ ಪ್ರೀತಿಯ ತಿನಿಸನ್ನು ಕಟ್ಟಿಕೊಂಡು ಹೋದ ಬಡ ಕಾರ್ಮಿಕನೊಬ್ಬ ವಿಮಾನ ನಿಲ್ದಾಣದಲ್ಲಿ ಅಪರಾಧಿಯಂತೆ ನಿಲ್ಲುವ ಸಂದರ್ಭ ಬಂದರೆ, ಅದರ ಹೊಣೆಯಲ್ಲಿ ಒಂದು ಪಾಲು ಮಾರಿದವರಿಗೂ ಸಲ್ಲುತ್ತದೆ. 'ಗಿರಾಕಿ ಕೇಳಲಿಲ್ಲ, ಹೇಳಲಿಲ್ಲ' ಎಂಬ ಸಮಾಧಾನ ಅಲ್ಲಿ ಸಾಲದು.

ಪೊಟ್ಟಣದ ಮೇಲೆ ಬರೆಯುವುದು ವರ್ತಕರ ಇಚ್ಛೆಗೆ ಬಿಟ್ಟ ವಿಷಯವೂ ಅಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಹಾಗೂ 2020ರ ಲೇಬಲ್ ನಿಯಮಾವಳಿಗಳ ಪ್ರಕಾರ, ಮುಂಚಿತವಾಗಿ ಪೊಟ್ಟಣ ಕಟ್ಟಿ ಮಾರುವ ತಿನಿಸಿನ ಮೇಲೆ ಘಟಕಾಂಶಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ತಯಾರಕರ ವಿಳಾಸ ಹಾಗೂ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಹಾಲು, ಶೇಂಗಾ, ಗೋಡಂಬಿ, ಬದಾಮಿಗಳಂತಹ ಅಲರ್ಜಿಕಾರಕ ಪದಾರ್ಥಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಬಿಡಿಯಾಗಿ ಮಾರುವ ಮಿಠಾಯಿಗೂ ಯಾವ ದಿನದವರೆಗೆ ಬಳಸಬಹುದೆಂಬುದನ್ನು ತೋರಿಸುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯವಾಯಿತು. ಹೀಗಿದ್ದೂ ಅಂಗಡಿಯ ಹೆಸರು, ದೂರವಾಣಿ ಸಂಖ್ಯೆ, ದೇವರ ಚಿತ್ರ ಇವಿಷ್ಟನ್ನೇ ಅಚ್ಚು ಹಾಕಿಸಿದ ರಟ್ಟಿನ ಡಬ್ಬಿ ಸಾಕೆಂಬ ಭಾವನೆ ಪೇಟೆಯಲ್ಲಿ ಉಳಿದುಕೊಂಡಿದೆ.

ಇದಕ್ಕೆ ಎರಡು ಆಕ್ಷೇಪಣೆಗಳು ಕೇಳಿಬರುವುದು ಸಹಜ. ಮೊದಲನೆಯದು, ತಲೆಮಾರಿನಿಂದ ಬಂದ ಪಾಕದ ಗುಟ್ಟು ಬಯಲಾಗುತ್ತದೆ ಎಂಬುದು. ಈ ಅಂಜಿಕೆಗೆ ಆಧಾರವಿಲ್ಲ. ನಿಯಮ ಕೇಳುವುದು ಘಟಕಾಂಶಗಳ ಹೆಸರನ್ನು, ತೂಕದ ಇಳಿಕೆಯ ಕ್ರಮದಲ್ಲಿ. ಪಾಕದ ಹದ, ಅಂಟು ಕರಿಯುವ ಕಾವು, ಬೆಲ್ಲದ ಆಯ್ಕೆ ಇವನ್ನು ಯಾವ ಕಾನೂನೂ ಕೇಳುವುದಿಲ್ಲ. ಗುಟ್ಟು ಇರುವುದು ಅಲ್ಲಿಯೇ. ಎರಡನೆಯದು ಖರ್ಚಿನ ಮಾತು. ಗಾಳಿಯಾಡದಂತೆ ಮುಚ್ಚಿದ ಪೊಟ್ಟಣಕ್ಕೆ ರಟ್ಟಿನ ಡಬ್ಬಿಗಿಂತ ಹೆಚ್ಚು ವೆಚ್ಚ ತಗಲುವುದು ನಿಜ. ಆದರೆ ತುಪ್ಪ, ಕೊಬ್ಬರಿಗಳು ಗಾಳಿ ಬೆಳಕುಗಳ ಸಂಪರ್ಕದಿಂದಲೇ ಕಮಟು ಹಿಡಿಯುತ್ತವೆ, ಬೆಲ್ಲ ತೇವ ಹೀರಿ ಜಿನುಗುತ್ತದೆ. ಮುಚ್ಚಿದ ಪೊಟ್ಟಣ ಈ ಎರಡನ್ನೂ ತಡೆಯುತ್ತದೆ. ಅದರ ಲಾಭ ಪರದೇಶದ ಗಿರಾಕಿಗಷ್ಟೇ ಅಲ್ಲ, ಹುಬ್ಬಳ್ಳಿ, ಪುಣೆಗಳ ಗಿರಾಕಿಗೂ ಉಂಟು. ತಿನಿಸು ಎಷ್ಟು ದಿನ ಬಾಳುತ್ತದೆಂಬುದನ್ನು ಅಂದಾಜಿನ ಮೇಲೆ ಬರೆಯದೆ ಪರೀಕ್ಷಿಸಿ ನಿಗದಿಪಡಿಸಲು, ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂತಹ ಸಂಸ್ಥೆಗಳ ನೆರವನ್ನು ಪಡೆಯುವುದು ಯುಕ್ತ. ಒಬ್ಬೊಬ್ಬರಿಗೆ ಭಾರವಾಗುವ ಈ ಖರ್ಚನ್ನು ಹತ್ತು ಮಂದಿ ತಯಾರಕರು ಕೂಡಿ ಹೊರುವುದು ಕಷ್ಟವಲ್ಲ.

ಹಾಗಾದರೆ ಮಾಡಬೇಕಾದುದೇನು? ಪ್ರಯಾಣಿಕರಿಗೆಂದೇ ಅರ್ಧ ಕಿಲೋ ಮತ್ತು ಕಾಲು ಕಿಲೋ ತೂಕದ, ಬಿಚ್ಚಿದರೆ ಗೊತ್ತಾಗುವಂತೆ ಮುಚ್ಚಿದ ಪೊಟ್ಟಣಗಳನ್ನು ಸಿದ್ಧಪಡಿಸಬೇಕು. ಅವುಗಳ ಮೇಲೆ ಕನ್ನಡದೊಡನೆ ಇಂಗ್ಲಿಷಿನಲ್ಲಿಯೂ ಎಲ್ಲ ವಿವರಗಳಿರಬೇಕು. ಗಸಗಸೆಯಿಲ್ಲದ ಕರದಂಟನ್ನು ಬೇರೆ ಪಾತ್ರೆಯಲ್ಲಿ, ಬೇರೆ ತಟ್ಟೆಯಲ್ಲಿ ತಯಾರಿಸಬೇಕು. ಕಾಳು ಅತಿ ಸಣ್ಣದಾದ್ದರಿಂದ ಒಂದೇ ಬಾಣಲೆಯಲ್ಲಿ ಎರಡನ್ನೂ ಮಾಡಿ 'ಗಸಗಸೆ ರಹಿತ' ಎಂದು ಬರೆದರೆ ಅದು ಗಿರಾಕಿಗೆ ಮಾಡಿದ ಮೋಸವಾಗುತ್ತದೆ. ಇಡಿಯ ಒಣಕೊಬ್ಬರಿಯನ್ನು ಎಣ್ಣೆಯಂಶದ ಕಾರಣದಿಂದ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ಸೇರಿಸಿರುವುದರಿಂದ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವೆಂಬುದನ್ನೂ ಗಿರಾಕಿಗೆ ತಿಳಿಸಿ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊರದೇಶಕ್ಕೆಂದು ಕೊಳ್ಳುವವರನ್ನು ಗಲ್ಲೆಯ ಮೇಲೆ ಕುಳಿತವರು 'ಯಾವ ದೇಶಕ್ಕೆ?' ಎಂದು ಒಂದು ಮಾತು ಕೇಳುವ ರೂಢಿ ಬೆಳೆಯಬೇಕು. ಇದಕ್ಕೆ ಬಂಡವಾಳ ಬೇಕಿಲ್ಲ.

ಗಿರಾಕಿಯ ಪೆಟ್ಟಿಗೆಯಲ್ಲಿ ಹೋಗುವುದು ಬೇರೆ, ವ್ಯಾಪಾರಕ್ಕೆಂದು ಕಳುಹಿಸುವುದು ಬೇರೆ ಎಂಬುದನ್ನೂ ಇಲ್ಲಿ ನೆನೆಯಬೇಕು. ರಫ್ತು ಮಾಡಲು ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅಮೆರಿಕೆಗೆ ಮಾರಾಟಕ್ಕೆ ಕಳುಹಿಸುವ ಆಹಾರಕ್ಕೆ, ಅಲ್ಲಿಯ 2002ರ ಕಾನೂನಿನಂತೆ, ತಯಾರಿಕಾ ಘಟಕದ ನೋಂದಣಿಯೂ ಸರಕು ತಲುಪುವ ಮುನ್ನ ಪೂರ್ವಸೂಚನೆಯೂ ಅವಶ್ಯ. ಇಂದು ಪ್ರಯಾಣಿಕರ ಪೊಟ್ಟಣವನ್ನು ಸರಿಯಾಗಿ ಕಟ್ಟಲು ಕಲಿತ ಉದ್ದಿಮೆದಾರನಿಗೆ ನಾಳೆ ಆ ಮೆಟ್ಟಿಲು ಹತ್ತುವುದು ಕಷ್ಟವಾಗದು.

ಬಾಣಂತಿಗೆ ಬಲ ಬರಲೆಂದು ಕರದಂಟನ್ನು ಒಯ್ಯುವ ತಾಯಿಗೆ ಪರದೇಶದ ಭಾಷೆ ಬಾರದಿರಬಹುದು. ತಪಾಸಣೆಯ ಮೇಜಿನ ಮುಂದೆ ಅವಳು ತಡವರಿಸಿದಾಗ ಅವಳ ಪರವಾಗಿ ಉತ್ತರ ಹೇಳಬೇಕಾದುದು ಆ ಪೊಟ್ಟಣವೇ. ಅದರ ಮೇಲೆ ಏನು ಬರೆದಿರಬೇಕೆಂಬುದು ಮಾತ್ರ ಗೋಕಾಕದ ಅಂಗಡಿಯಲ್ಲೇ ತೀರ್ಮಾನವಾಗುವ ವಿಷಯ.