ಮನಃಪರಿವರ್ತನೆಗೆ ಬೇಕಾದ ಸಿದ್ಧತೆ

ಉಚ್ಚಂಗಿದುರ್ಗವನ್ನು ಪಾಂಡ್ಯರು ಕಾಯ್ದರು. ಹೊಯ್ಸಳರು ಲಗ್ಗೆಯಿಟ್ಟು ಗೆದ್ದರು. ಕಲ್ಲಿನ ಕೋಟೆಯನ್ನು ಹೊರಗಿನಿಂದ ಗೆಲ್ಲಬಹುದು. ಮನಸ್ಸೆಂಬ ದುರ್ಗಕ್ಕೆ ಅಗುಳಿ ಇರುವುದು ಒಳಗಡೆ. ಆಪ್ತಸಮಾಲೋಚಕರ ಹಾಗೂ ಮನೋವೈದ್ಯರ ನೆರವು ಹಳ್ಳಿಗಳಿಗೂ ತಲುಪುತ್ತಿರುವ ಈ ಕಾಲದಲ್ಲಿ ಶಿಕ್ಷಕರೂ ಪೋಷಕರೂ ಈ ಸತ್ಯವನ್ನು ಮನಗಾಣುವುದು ಅವಶ್ಯ.

ಕುಡಿತಕ್ಕೆ ಬಿದ್ದ ಮಗನನ್ನೋ, ಓದಿನಲ್ಲಿ ಮನಸ್ಸಿಲ್ಲದ ಬಾಲಕನನ್ನೋ ತಜ್ಞರ ಮುಂದೆ ಕುಳ್ಳಿರಿಸಿ, "ಇವನನ್ನು ಸರಿಪಡಿಸಿಕೊಡಿ" ಎಂದು ಕೇಳುವವರು ಅನೇಕರು. ಕಮ್ಮಾರನಿಗೆ ಕುಳವನ್ನು ಕೊಟ್ಟು ಬಂದಂತೆ ಮನುಷ್ಯನನ್ನು ಕೊಟ್ಟು ಬರಲಾಗದು. ಕುಳಕ್ಕೆ ಇಚ್ಛೆಯಿಲ್ಲ, ಮನುಷ್ಯನಿಗೆ ಇದೆ.

ಇದನ್ನು ಚೆನ್ನಾಗಿ ಅರಿತಿದ್ದವರು ಚಿತ್ತರಗಿ–ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಆರಂಭಿಸಿದ 'ಮಹಾಂತ ಜೋಳಿಗೆ' ದವಸಧಾನ್ಯವನ್ನು ಬೇಡಲಿಲ್ಲ. ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿತು. ಭಿಕ್ಷೆಯನ್ನು ಕಿತ್ತುಕೊಳ್ಳುವಂತಿಲ್ಲ, ನೀಡುವವನೇ ಕೈಯೆತ್ತಿ ನೀಡಬೇಕು. ಬೇಡುವವರು ಬಾಗಿಲಿಗೆ ಬಂದರೂ ತೀರ್ಮಾನ ಮನೆಯವನದೇ ಆಗಿ ಉಳಿಯಿತು. 2018ರಲ್ಲಿ ಲಿಂಗೈಕ್ಯರಾದ ಪೂಜ್ಯರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ.

ಪಶ್ಚಿಮದ ಮನಶ್ಶಾಸ್ತ್ರಜ್ಞರೂ ಇಂಥದೇ ನಿಲುವಿಗೆ ಬಂದಿದ್ದಾರೆ. ಧೂಮಪಾನವನ್ನು ತ್ಯಜಿಸಲೆಳಸಿದವರನ್ನು ಅಧ್ಯಯನ ಮಾಡಿ 1983ರಲ್ಲಿ ತಮ್ಮ ವಿಚಾರವನ್ನು ಪ್ರಕಟಿಸಿದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ, ಬದಲಾವಣೆ ಒಂದೇ ನೆಗೆತವಲ್ಲ, ಹಂತಗಳುಳ್ಳ ಪಯಣ ಎಂದರು. ದೋಷದ ಅರಿವೇ ಇಲ್ಲದವನು, ಅರಿತೂ ತೂಗುಯ್ಯಾಲೆಯಲ್ಲಿರುವವನು, ಹೆಜ್ಜೆಯಿಟ್ಟವನು, ಇಟ್ಟ ಹೆಜ್ಜೆಯನ್ನು ಉಳಿಸಿಕೊಳ್ಳುವವನು – ಇವರೆಲ್ಲರಿಗೂ ಒಂದೇ ಬೋಧೆ ಸಲ್ಲದು. ಅದೇ ವರ್ಷ ವಿಲಿಯಂ ಮಿಲ್ಲರ್, ಮದ್ಯವ್ಯಸನಿಯೊಡನೆ ವಾದಿಸುವುದಕ್ಕಿಂತ, ಬದಲಾಗಬೇಕೆಂಬ ಕಾರಣವನ್ನು ಅವನ ಬಾಯಿಂದಲೇ ಹೊರಡಿಸುವುದು ಲೇಸೆಂದು ಪ್ರತಿಪಾದಿಸಿದರು.

ಹಾಗಾದರೆ ಮನಸ್ಸು ಮಾಗುವವರೆಗೂ ಕೈಕಟ್ಟಿ ಕುಳಿತಿರಬೇಕೇ? ಸರ್ವಥಾ ಕೂಡದು. ವಿಷಣ್ಣತೆಯಿಂದ ಬಳಲುವವನಿಗೆ ಉತ್ಸಾಹವಿಲ್ಲದಿರುವುದೇ ರೋಗದ ಲಕ್ಷಣವಾಗಿರಬಹುದು. ಅದನ್ನು ಸೋಮಾರಿತನವೆಂದು ಹಳಿಯುವುದು ಅನ್ಯಾಯ. ಪ್ರಾಣ ಕಳೆದುಕೊಳ್ಳುವ ಮಾತು ಕೇಳಿಬಂದಾಗ, ಬಹುಕಾಲದ ಕುಡಿತವನ್ನು ಥಟ್ಟನೆ ನಿಲ್ಲಿಸಿ ಮೈನಡುಕವೋ ಭ್ರಾಂತಿಯೋ ಕಾಣಿಸಿಕೊಂಡಾಗ, ಸಿದ್ಧತೆಯ ವಿಚಾರವನ್ನು ಬದಿಗಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಸಂದರ್ಭಗಳಲ್ಲಿ ಸಿದ್ಧತೆ ದೊರೆಯುವ ವಸ್ತುವಲ್ಲ, ಬೆಳೆಸುವ ಬೆಳೆ. ಮಳೆ ಬರುವ ಮುನ್ನವೇ ಹೊಲವನ್ನು ಹರಗುವುದು ರೈತನ ಕಾಯಕವಲ್ಲವೇ?

ಈ ಸೀಮೆಗೆ ಇದು ಹೊಸ ವಿಷಯವೇನೂ ಅಲ್ಲ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿದ್ದ ದಿನಗಳಲ್ಲಿ, 1985ರಿಂದ 1990ರವರೆಗೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ನೀಡುವ ಪ್ರಯೋಗವನ್ನು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾದುದು ಈ ಬಳ್ಳಾರಿ ಮಾದರಿಯೇ. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಟೆಲಿ-ಮಾನಸ್ ಸೇವೆಯೂ ಲಭ್ಯವಿದೆ. ನೆರವು ಬಾಗಿಲ ಬಳಿಗೆ ಬಂದಿದೆ; ಅದನ್ನು ಬಳಸಲು ನಾಚಿಕೆಯೊಂದೇ ಅಡ್ಡಿಯಾಗಬಾರದು.

ಸಿದ್ಧನಾದವನನ್ನು ಗುರುತಿಸುವುದು ಹೇಗೆ? "ಅವರು ಕಳಿಸಿದರು, ಬಂದೆ" ಎನ್ನುವವನು "ನನಗೇ ಬೇಕಾಗಿದೆ" ಎನ್ನತೊಡಗುತ್ತಾನೆ. ತಪ್ಪಿಗೆ ಪರರನ್ನು ಹೊಣೆಯಾಗಿಸುವುದನ್ನು ಬಿಟ್ಟು, ಅಪ್ರಿಯವಾದ ಮಾತನ್ನೂ ಆಲಿಸುತ್ತಾನೆ. ಸಮಾಲೋಚಕರಲ್ಲಿ ಕಳೆಯುವುದು ವಾರಕ್ಕೊಂದು ಗಂಟೆಯಾದರೆ, ಮಿಕ್ಕ ದಿನಗಳ ಸಾಧನೆ ತನ್ನದೇ ಎಂದು ತಿಳಿಯುತ್ತಾನೆ. ನಡುವೆ ಎಡವಿದರೂ ಮರಳಿ ಬರುತ್ತಾನೆ. ಎಡವಿದವನನ್ನು "ನೀನಿಷ್ಟೇ" ಎಂದು ಹೀಯಾಳಿಸುವ ಬಂಧುಮಿತ್ರರು, ಅವನು ಕಷ್ಟಪಟ್ಟು ತೆರೆದ ಬಾಗಿಲನ್ನು ತಾವೇ ಮುಚ್ಚಿದಂತಾಗುತ್ತದೆ.

ಆದುದರಿಂದ ಶಿಕ್ಷಕರು ವಿದ್ಯಾರ್ಥಿಯನ್ನು ಸಮಾಲೋಚಕರ ಬಳಿಗೆ ಕಳಿಸುವುದನ್ನು ಶಿಕ್ಷೆಯಾಗಿ ಬಳಸಲಾಗದು. ಮೊದಲು ಅವನ ಮಾತನ್ನು ಕೇಳಬೇಕು. ಹಳೆಯ ವಿದ್ಯಾರ್ಥಿಗಳು ತಾವು ಗೆದ್ದ ಕಥೆಯಷ್ಟನ್ನೇ ಅಲ್ಲ, ನೆರವು ಪಡೆದ ಕಥೆಯನ್ನೂ ಕಿರಿಯರಿಗೆ ಹೇಳಬೇಕು. ಕೊಠಡಿಗಳನ್ನು ಕಟ್ಟಿಸಿಕೊಡುವ ಉದಾರ ದಾನಿಗಳು, ಮಕ್ಕಳು ಭಯವಿಲ್ಲದೆ ಮಾತನಾಡಲು ಒಬ್ಬ ಅರ್ಹ ಸಮಾಲೋಚಕರನ್ನು ಶಾಲೆಗೆ ಒದಗಿಸುವುದೂ ವಿದ್ಯಾದಾನವೇ ಎಂದು ಭಾವಿಸಬೇಕು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಇದ್ದೀತು ಎಂದು ಗಾದೆ ಕೇಳುತ್ತದೆ. ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಳ್ಳುವ ಬಲವನ್ನು ಮಕ್ಕಳಲ್ಲಿ ಬೆಳೆಸುವುದೇ ವಿದ್ಯಾಸಂಸ್ಥೆಯ ನಿಜವಾದ ದಾಸೋಹ.