ಲೆಕ್ಕ ಕೇಳೋ ಹಕ್ಕು ನಮಗೂ ಇದೆ

ರೈತರು ತೆರಿಗೆ ಕಟ್ಟೋದಿಲ್ಲ, ಬರೀ ಸಬ್ಸಿಡಿ ಕೇಳ್ತಾರೆ ಎಂದು ಪೇಟೆಯವರು ಆಡುವುದುಂಟು. ಬೇಸಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ನಾವು ಕೊಳ್ಳುವ ಪೈಪು, ಟೈರು, ಸೋಪು, ಡೀಸೆಲ್ ಯಾವುದು ತೆರಿಗೆ ಇಲ್ಲದೆ ಬರುತ್ತೆ? ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೆ ಏರಿಸಿದರು. ಬಾಡಿಗೆ ಟ್ರಾಕ್ಟರಿನವನು ಅದನ್ನು ನಮ್ಮ ತಲೆಗೇ ಕಟ್ಟುತ್ತಾನೆ. ಕೊಟ್ಟವನು ಲೆಕ್ಕ ಕೇಳಬೇಕಲ್ಲ?

ನಮ್ಮ ಸೀಮೆಯ ದೊಡ್ಡ ಲೆಕ್ಕ ಎತ್ತಿನಹೊಳೆಯದು. 2012ರಲ್ಲಿ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ನೀರಿನ ಅಂದಾಜು ಮಾತ್ರ ಅದೇ 24 ಟಿಎಂಸಿ. ಭಾಗಿಸಿ ನೋಡಿ: ಒಂದು ಟಿಎಂಸಿಗೆ ಮೊದಲು 347 ಕೋಟಿ, ಆಮೇಲೆ 969 ಕೋಟಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿ ಸಿಗೋದೇ ಸುಮಾರು ಒಂಬತ್ತೂವರೆ ಟಿಎಂಸಿ ಎಂದಿತ್ತು. ಅದು ನಿಜವಾದರೆ ಲೆಕ್ಕ ಇನ್ನೂ ಏರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಬಿದ್ದಿದ್ದು 2014ರ ಮಾರ್ಚಿನಲ್ಲಿ. ಸಕಲೇಶಪುರದ ಕಡೆ ಮೊದಲ ಹಂತ ಚಾಲೂ ಆಗಿದ್ದು 2024ರ ಸೆಪ್ಟೆಂಬರಿನಲ್ಲಿ.

ನೀರು ಬೇಡ ಅಂತ ನಾನು ಹೇಳ್ತಿಲ್ಲ. ಸಾವಿರ ಅಡಿ ಕೊರೆದು ಫ್ಲೋರೈಡ್ ನೀರು ಕುಡಿಯೋ ಸೀಮೆಯಲ್ಲಿ ಹಾಗೆನ್ನುವವನು ಯಾರು? ದುಡ್ಡು ಯಾಕೆ ಏರಿತು, ಎಷ್ಟು ನೀರು ಬರುತ್ತೆ, ಇವೆರಡನ್ನು ನಮಗೆ ತಿಳಿಯೋ ಹಾಗೆ ಹೇಳಿ ಎನ್ನುವುದಷ್ಟೇ ನನ್ನ ಮಾತು.

ಈ ಯೋಜನೆಯಲ್ಲಿ ತುಂಬಿಸೋಕೆ ಗುರುತು ಮಾಡಿದ್ದು 527 ಕೆರೆ. ಅಷ್ಟು ದೂರದಿಂದ ಬರೋ ನೀರು ಗೋಡು ತುಂಬಿದ ಕೆರೆಯಲ್ಲಿ ಎಷ್ಟು ನಿಂತೀತು? ಅಚ್ಚುಕಟ್ಟು 40 ಹೆಕ್ಟೇರು ಮೀರಿದ ಕೆರೆ ಸಣ್ಣ ನೀರಾವರಿಯವರದು, ಅದಕ್ಕಿಂತ ಚಿಕ್ಕದು ಪಂಚಾಯ್ತಿಯವರದು. ಮೂರು ಬೇಸಿಗೆ ಹಿಂದೆ ನಾವು ಕೆಲವರು ನಮ್ಮದೇ ಖರ್ಚಿನಲ್ಲಿ ರಾಗಿ ಹೊಲಕ್ಕೆ ಗೋಡು ಹೊಡ್ಕೊಳ್ತೀವಿ ಎಂದು ಅರ್ಜಿ ಕೊಟ್ಟೆವು. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸ್ತು. ಅಳತೆ ಆಗಬೇಕು, ನಕ್ಷೆ ಬೇಕು ಎಂದರು. ಕಾಗದ ಕೈಗೆ ಬರುವಷ್ಟರಲ್ಲಿ ಮುಂಗಾರು ಹಿಡಿಯಿತು. ಸರಕಾರಕ್ಕೆ ಒಂದು ಕಾಸೂ ಖರ್ಚಿಲ್ಲದ ಕೆಲಸ ಹೀಗೆ ಕೆಟ್ಟಿತು.

ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸೋರನ್ನು ತಡೆಯೋಕೆ ಕಾನೂನು ಬೇಕು, ಒಪ್ತೀನಿ. ಆದರೆ ಹೊಲಕ್ಕೆ ಹೊಡೆಯೋ ರೈತನಿಗೂ ಅಷ್ಟೇ ಕಾಗದ, ಅಷ್ಟೇ ಅಲೆದಾಟವೇ?

ನಾನು ಕೇಳೋದು ಮೂರು. ಒಂದು, ಸ್ವಂತ ಹೊಲಕ್ಕೆ ಗೋಡು ಹೊಡೆಯೋಕೆ ಗ್ರಾಮ ಪಂಚಾಯ್ತಿಯ ಒಂದೇ ಚೀಟಿ ಸಾಕಾಗಲಿ. ಎಷ್ಟು ಆಳ ಎನ್ನುವುದನ್ನು ಇಂಜಿನಿಯರು ಗುರುತು ಹಾಕಲಿ. ಎರಡು, ಕೆರೆ ಕೆಲಸದ ಅಂದಾಜು, ಆದ ಖರ್ಚು, ಗುತ್ತಿಗೆದಾರನ ಹೆಸರು ಏರಿ ಮೇಲೆ ಕನ್ನಡದಲ್ಲಿ ಬರೆಸಲಿ. ಮೂರು, ಅಂದಾಜು ಏರಿಸಿದಾಗಲೆಲ್ಲ ಕಾರಣವನ್ನು ಗ್ರಾಮಸಭೆಯಲ್ಲಿ ಓದಲಿ.

ಅವರಾಗಿ ಹೇಳುವವರೆಗೆ ಕಾಯಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಒಂದು ಅರ್ಜಿಗೆ ಒಂದೇ ವಿಷಯ ಬರೆಯಿರಿ, ಚಿಕ್ಕದಾಗಿರಲಿ. 30 ದಿನದಲ್ಲಿ ಉತ್ತರ ಕೊಡಬೇಕು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರು ನಿಮ್ಮೂರ ಕೆರೆಯ ಲೆಕ್ಕ ಕೇಳಿ, ಬಂದ ಉತ್ತರವನ್ನು ಈ ಪತ್ರಿಕೆಗೆ ಕಳಿಸಿ. ನಾಲ್ಕು ಊರಿನ ಲೆಕ್ಕ ಪಕ್ಕಪಕ್ಕ ಇಟ್ಟರೆ ಸೋರಿಕೆ ಎಲ್ಲಿ ಅಂತ ತಾನೇ ಕಾಣುತ್ತೆ.