ಬ್ಯಾಟರಿಗೂ ಬೇಕು ಜಮಾ-ಖರ್ಚು

ಮೈಸೂರು ನಗರಕ್ಕೆ ವಿದ್ಯುದ್ದೀಪ ಬಂದದ್ದು 1908ರಲ್ಲಿ. ಅಂದಿನಿಂದ ನಗರ ಎಷ್ಟು ಬೆಳೆದರೂ ಕತ್ತಲೆ ಪೂರ್ತಿ ತೊಲಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯವೆಲ್ಲ ವಿದ್ಯುತ್ ಅಭಾವ ಕಂಡಿತು. ಬೇಸಿಗೆಯ ಗಾಳಿಮಳೆಗೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೂ ಸಾಕು, ಬೀದಿಯೇ ಕತ್ತಲು. ಅದು ಪರೀಕ್ಷೆಯ ಕಾಲವೂ ಹೌದು.

ಅದಕ್ಕೆಂದೇ ಅನೇಕ ಮನೆಗಳಲ್ಲಿ ಇನ್ವರ್ಟರ್ ಇದೆ. ಆದರೆ ಸಂಜೆ ಏಳಕ್ಕೆ ಕರೆಂಟ್ ಹೋದರೆ, ಮಕ್ಕಳು ಓದಿನಲ್ಲಿ ಮುಳುಗಿರುವ ಹತ್ತು ಗಂಟೆಗೆ ಅದು 'ಕೀಂ' ಎಂದು ಕೂಗತೊಡಗುತ್ತದೆ. ಬ್ಯಾಟರಿಯನ್ನು ಬೈಯುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಬ್ಯಾಟರಿಯ ಮೇಲೆ 12 ವೋಲ್ಟ್, 150 ಆಂಪಿಯರ್-ಗಂಟೆ ಎಂದು ಬರೆದಿದೆ ಎನ್ನಿ. ಇವೆರಡನ್ನೂ ಗುಣಿಸಿದರೆ 1800 ವ್ಯಾಟ್-ಗಂಟೆ. ಇಷ್ಟನ್ನೂ ಬಳಸುವಂತಿಲ್ಲ. ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧವನ್ನು ಉಳಿಸಬೇಕು. ಉಳಿದ 900ರಲ್ಲಿ ಸುಮಾರು ಐದನೇ ಒಂದು ಭಾಗ ಇನ್ವರ್ಟರಿನಲ್ಲೇ ಶಾಖವಾಗಿ ಹೋಗುತ್ತದೆ. ಕೈಗೆ ಸಿಗುವುದು 720.

ಈಗ ಖರ್ಚು. 75 ವ್ಯಾಟಿನ ಮೂರು ಫ್ಯಾನು, 9 ವ್ಯಾಟಿನ ಐದು ಎಲ್‌ಇಡಿ ಬಲ್ಬು, 90 ವ್ಯಾಟಿನ ಟಿ.ವಿ. ಒಟ್ಟು 360 ವ್ಯಾಟ್. ಎರಡೇ ಗಂಟೆಗೆ ಜಮಾ ಖಾಲಿ! ಓದುವ ಕೋಣೆಯ ಒಂದು ಫ್ಯಾನು, ಒಂದು ಬಲ್ಬು ಮಾತ್ರ ಇದ್ದರೆ 84 ವ್ಯಾಟ್. ಅದೇ ಬ್ಯಾಟರಿ ಎಂಟೂವರೆ ಗಂಟೆ ಬರುತ್ತದೆ.

ಅರ್ಧ ಉಳಿಸುವುದೇಕೆ? 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ತತ್ವವೇ ಇಂದಿಗೂ ನಡೆದಿದೆ. ಒಂದು ಫಲಕದಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ ಕೊಡುತ್ತಾ ಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಎಲ್ಲವೂ ಹಿಂದಿನಂತೆ. ಆದರೆ ಬ್ಯಾಟರಿಯನ್ನು ಬರಿದು ಮಾಡಿ ಹಾಗೇ ಬಿಟ್ಟರೆ ಸಲ್ಫೇಟ್ ಗಟ್ಟಿ ಹರಳಾಗಿ ಮತ್ತೆ ಕರಗುವುದಿಲ್ಲ. ಅಷ್ಟು ಶಕ್ತಿ ಶಾಶ್ವತವಾಗಿ ನಷ್ಟ. ಲಿಥಿಯಂ ಬ್ಯಾಟರಿಗಳಿಗೆ ಈ ತೊಂದರೆಯಿಲ್ಲ.

ಇನ್ನೊಂದು ಗುಟ್ಟು. ಸಾಮಾನ್ಯವಾಗಿ 150 ಎಂಬ ಸಂಖ್ಯೆ, 20 ಗಂಟೆಗಳ ಕಾಲ ನಿಧಾನವಾಗಿ 7.5 ಆಂಪಿಯರ್ ತೆಗೆದರೆ ಸಿಗುವ ಲೆಕ್ಕ. ಮೇಲಿನ 360 ವ್ಯಾಟಿಗೆ ಅದರ ಐದು ಪಟ್ಟು ಪ್ರವಾಹ ಬೇಕು. ಹಾಗೆ ಅವಸರದಿಂದ ಸೆಳೆದರೆ ಒಟ್ಟು ದೊರೆಯುವುದೇ ಕಡಿಮೆ ಎಂದು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ತೋರಿಸಿದ. ಎರಡು ಗಂಟೆಯ ಲೆಕ್ಕವೂ ಕೈಗೂಡದಿರಲು ಇದೇ ಕಾರಣ.

ವಿದೇಶಗಳಲ್ಲಿ ಕಾರಿನ ಹಿಂದೆ ಪುಟ್ಟ ಮನೆಗಾಡಿ ಕಟ್ಟಿಕೊಂಡು ಕಾಡಿನಂಚಿನಲ್ಲಿ ತಂಗುವವರಿಗೆ ಈ ಲೆಕ್ಕ ನಿತ್ಯದ ಪಾಠ. ಅಲ್ಲಿ ಕರೆಂಟ್ ಬರಲಿ ಎಂದು ಕಾಯುವಂತಿಲ್ಲ. ಅವರು 12 ವೋಲ್ಟಿನ ದೀಪಗಳನ್ನು ನೇರವಾಗಿ ಬ್ಯಾಟರಿಗೇ ಜೋಡಿಸಿ ಇನ್ವರ್ಟರಿನ ನಷ್ಟವನ್ನೂ ಉಳಿಸುತ್ತಾರೆ. ಹಗಲು ಸೌರಫಲಕ ಗಳಿಸಿದ್ದರಲ್ಲೇ ರಾತ್ರಿಯ ಸಂಸಾರ.

ಹಿರಿಯರಿಗೆ ಒಂದು ಮಾತು. ಬ್ಯಾಟರಿಗೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಚಾರ್ಜ್ ಆಗುವಾಗ ಹೊರಡುವ ಜಲಜನಕ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಬ್ಯಾಟರಿ ಇರುವ ಮೂಲೆಯಲ್ಲಿ ಗಾಳಿಯಾಡಬೇಕು, ಹತ್ತಿರ ದೇವರ ದೀಪ, ಊದುಬತ್ತಿ ಇರಬಾರದು. ಆಮ್ಲ ಚರ್ಮವನ್ನು ಸುಡುತ್ತದೆ, ಮುಚ್ಚಳ ತೆಗೆಯುವ ಕೆಲಸ ಮಕ್ಕಳದಲ್ಲ.

ಮಕ್ಕಳಿಗೆ ಬೇರೆ ಕೆಲಸವಿದೆ. ಈ ಭಾನುವಾರ ಮನೆಯ ಪ್ರತಿ ಉಪಕರಣದ ವ್ಯಾಟ್ ಓದಿ ಒಂದು ಪಟ್ಟಿ ಮಾಡಿ. ಕರೆಂಟ್ ಹೋದಾಗ ಯಾವುದು ಉರಿಯಬೇಕು, ಯಾವುದು ಆರಬೇಕು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿ, ಪಟ್ಟಿಯನ್ನು ಇನ್ವರ್ಟರಿನ ಪಕ್ಕದ ಗೋಡೆಗೆ ಅಂಟಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಟಿ.ವಿ. ಆರಿದರೆ ಓದುವ ದೀಪ ಬೆಳಗಿನವರೆಗೂ ಉರಿದೀತು.